ಸಂಬಳಕ್ಕೆ ಇನ್ನೂ 12 ದಿನ, ಕೈಯಲ್ಲಿ 1,400 ರೂಪಾಯಿ. ಐದು ಜನಕ್ಕೆ ಹೇಗೆ ಹೊಂದಿಸಲಿ?

ಪಾವಗಡದ ಸೊಸೆ (29ನೇ ತಾರೀಖು, ರಾತ್ರಿ 9:50)

ಎಲ್ಲರಿಗೂ ನಮಸ್ಕಾರ. ಇಲ್ಲಿ ತುಂಬಾ ದಿನದಿಂದ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ತಪ್ಪಿದ್ದರೆ ಕ್ಷಮಿಸಿ.

ನಾನು ಬೆಂಗಳೂರಿನಲ್ಲಿ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಯಜಮಾನರು ಲಗೇಜ್ ಆಟೋ ಓಡಿಸುತ್ತಾರೆ. ಹೋದ ವಾರ ಆಟೋ ಎಂಜಿನ್ ಕೈ ಕೊಟ್ಟಿತು. ಇದ್ದಬದ್ದ ದುಡ್ಡೆಲ್ಲ ಗ್ಯಾರೇಜಿಗೆ ಹೋಯಿತು. ನನ್ನ ಸಂಬಳ ಬರುವುದು 10ಕ್ಕೆ. ಈ ತಿಂಗಳು 31 ದಿನ ಬೇರೆ. ಕೈಯಲ್ಲಿರುವುದು 1,400 ರೂಪಾಯಿ. ಮನೆಯಲ್ಲಿ ಅತ್ತೆ, ನಾವಿಬ್ಬರು, ಏಳನೇ ಕ್ಲಾಸಿನ ಮಗಳು, ಮೂರನೇ ಕ್ಲಾಸಿನ ಮಗ.

ಇರುವ ಸಾಮಾನು: ಊರಿಂದ ತಂದ ಸೊಸೈಟಿ ಅಕ್ಕಿ 6 ಕೆಜಿ, ರಾಗಿ ಹಿಟ್ಟು 4 ಕೆಜಿ, ತೊಗರಿ ಬೇಳೆ ಅರ್ಧ ಕೆಜಿ, ಕಡ್ಲೇಕಾಯಿ ಬೀಜ ಒಂದು ಡಬ್ಬ, ಎಣ್ಣೆ ಅರ್ಧ ಪ್ಯಾಕೆಟ್. ಹುಣಸೆಹಣ್ಣು, ಖಾರದ ಪುಡಿ ಬೇಕಾದಷ್ಟಿದೆ.

ನನ್ನ ಲೆಕ್ಕ ಹೀಗಿದೆ. ಬೆಳಿಗ್ಗೆ ಚಿತ್ರಾನ್ನ ಇಲ್ಲವೇ ರಾತ್ರಿ ಉಳಿದ ಅನ್ನಕ್ಕೆ ಒಗ್ಗರಣೆ. ಮಧ್ಯಾಹ್ನ ಮಕ್ಕಳಿಗೆ ಶಾಲೆಯಲ್ಲಿ ಬಿಸಿಯೂಟ. ರಾತ್ರಿ ಮುದ್ದೆ, ಸಾರು, ಸ್ವಲ್ಪ ಅನ್ನ. ದಿನಕ್ಕೆ 4 ಮುದ್ದೆ ಅಂದರೆ 12 ದಿನಕ್ಕೆ 48. ಹಿಟ್ಟು ಸಾಕಾಗುತ್ತೆ ಅಲ್ವಾ? ಸಾರಿಗೆ ಏನು ಮಾಡಲಿ, ಯಾವ ತರಕಾರಿ ತರಲಿ? ಸಾಲ ಮಾಡಿ ಅಂತ ಮಾತ್ರ ಹೇಳಬೇಡಿ.

ಬಸ್ಸಾರು ಭಕ್ತ

ಹುರುಳಿಕಾಳು. ಒಂದು ಕೆಜಿ ತನ್ನಿ, ಮಿಕ್ಕಿದ್ದೆಲ್ಲ ಆಮೇಲೆ. ರಾತ್ರಿ ನೆನೆಸಿ ಬೇಯಿಸಿದರೆ ಕಟ್ಟು ಸಾರಿಗೆ, ಕಾಳು ಪಲ್ಯಕ್ಕೆ. ಒಂದೇ ಪಾತ್ರೆಯಲ್ಲಿ ಎರಡು ಅಡುಗೆ. ಮಾರನೇ ದಿನ ಕಾಯಿಸಿದರೆ ಸಾರು ಇನ್ನೂ ರುಚಿ.

ಶಿರಸಿ ಕಡೆಯವಳು

ಹೀರೆಕಾಯಿ ತಂದರೆ ಸಿಪ್ಪೆ ಎಸೆಯಬೇಡಿ. ಹುರಿದು, ಒಣಮೆಣಸು, ಹುಣಸೆಹಣ್ಣು, ಸ್ವಲ್ಪ ಕಾಯಿ ಹಾಕಿ ರುಬ್ಬಿದರೆ ಚಟ್ನಿ. ಕಲ್ಲಂಗಡಿಯ ಬಿಳಿ ಭಾಗ ತುರಿದು ಅಕ್ಕಿ ಜೊತೆ ರುಬ್ಬಿ ದೋಸೆ ಮಾಡಬಹುದು, ಉದ್ದಿನಬೇಳೆಯೇ ಬೇಡ. ಕುಂಡದಲ್ಲಿ ದೊಡ್ಡಪತ್ರೆ ಇದ್ದರೆ ನಾಲ್ಕು ಎಲೆ ಬಾಡಿಸಿ, ಜೀರಿಗೆ ಜೊತೆ ರುಬ್ಬಿ ಮಜ್ಜಿಗೆಗೆ ಕಲಸಿ, ತಂಬುಳಿ ಆಯಿತು. ಒಲೆ ಮುಂದೆ ನಿಲ್ಲುವುದು ಎರಡು ನಿಮಿಷ.

ಲೆಕ್ಕದ ಮೇಷ್ಟ್ರು

ತಾಯಿ, ಮೊದಲು ಗ್ಯಾಸ್ ಎಷ್ಟಿದೆ ಹೇಳಿ. ನಡುವೆ ಸಿಲಿಂಡರ್ ಮುಗಿದರೆ ಅರ್ಧಕ್ಕಿಂತ ಹೆಚ್ಚು ದುಡ್ಡು ಅದಕ್ಕೇ ಹೋಗುತ್ತೆ, ಈ ಲೆಕ್ಕವೆಲ್ಲ ತಲೆಕೆಳಗು.

ಗ್ಯಾಸ್ ಇದೆ ಅಂತ ಇಟ್ಟುಕೊಳ್ಳೋಣ. ದಿನಕ್ಕೆ ಅರ್ಧ ಲೀಟರ್ ಹಾಲಿಗೆ 300, ಎಣ್ಣೆಗೆ 80, ಹುರುಳಿಗೆ 100, ಎರಡು ಕೆಜಿ ಈರುಳ್ಳಿಗೆ 60, ಒಂದು ಡಜನ್ ಮೊಟ್ಟೆಗೆ 84, ಟೀ ಪುಡಿ ಸಕ್ಕರೆಗೆ 100, ಒಂದು ತೆಂಗಿನಕಾಯಿಗೆ 40, ಸೊಪ್ಪು ತರಕಾರಿಗೆ ದಿನಕ್ಕೆ 20ರಂತೆ 240. ಒಟ್ಟು 1,004. ಮಿಕ್ಕ 396 ಒಂದು ಡಬ್ಬಿಯಲ್ಲಿಟ್ಟು ಮರೆತುಬಿಡಿ. ಮಗುವಿಗೆ ಜ್ವರ ಬಂದರೆ ಮಾತ್ರ ತೆಗೆಯಿರಿ.

ಬಸ್ಸಾರು ಭಕ್ತ

40 ರೂಪಾಯಿಗೆ ತೆಂಗಿನಕಾಯಿ ಎಲ್ಲಿ ಸಿಗುತ್ತೆ ಮೇಷ್ಟ್ರೇ? ವಿಳಾಸ ಕೊಡಿ, ನಾನೂ ಬರುತ್ತೇನೆ.

ಲೆಕ್ಕದ ಮೇಷ್ಟ್ರು

ಸಣ್ಣದು ಸಿಗುತ್ತಪ್ಪ. ಇಲ್ಲದಿದ್ದರೆ ಕಾಯಿ ಬಿಟ್ಟು ಕಡ್ಲೇಬೀಜ ರುಬ್ಬಿ. ಅವರ ಮನೆಯಲ್ಲೇ ಒಂದು ಡಬ್ಬ ಇದೆಯಲ್ಲ.

ಸಿಗ್ನಲ್ ಸೀನ

ಊಟಕ್ಕೆ ದುಡ್ಡಿಲ್ಲ, ಮೊಬೈಲ್ ಡೇಟಾಗೆ ಇದೆ.

ಹುಬ್ಬಳ್ಳಿ ಮಂದಾಕಿನಿ

ಸೀನಪ್ಪಾ, ಗಂಡನ ಆಟೋಗೆ ಬಾಡಿಗೆ ಬರುವುದೂ ಅದೇ ಫೋನಿನಲ್ಲಿ, ಮಕ್ಕಳ ಹೋಮ್‌ವರ್ಕ್ ಬರುವುದೂ ಅದರಲ್ಲೇ. ನೀವು ಸಿಗ್ನಲ್‌ನಲ್ಲೇ ಇರಿ, ಇಲ್ಲಿ ದಾರಿ ಬಿಡಿ.

ಪಾವಗಡದ ಸೊಸೆ

ರೀಚಾರ್ಜ್ ಹೋದ ತಿಂಗಳೇ ಮಾಡಿಸಿದ್ದು, ಅಣ್ಣ. ಬೇಜಾರಿಲ್ಲ.

ಮೇಷ್ಟ್ರೇ, ಸಿಲಿಂಡರ್ ಹಾಕಿ 20 ದಿನ ಆಯಿತು. ನಮಗೆ 40 ದಿನ ಬರುತ್ತೆ. ಹಾಗಾಗಿ ಪರವಾಗಿಲ್ಲ ಅನ್ನಿಸುತ್ತೆ.

ಇನ್ನೊಂದು ವಿಷಯ. ಸೊಸೈಟಿ ಅಕ್ಕಿಯಲ್ಲಿ ನಡುನಡುವೆ ಬೇರೆ ಬಣ್ಣದ ಕಾಳು ಇರುತ್ತೆ, ನೀರಿಗೆ ಹಾಕಿದರೆ ತೇಲುತ್ತೆ. ಪ್ಲಾಸ್ಟಿಕ್ ಅಕ್ಕಿ ಅಂತ ಅತ್ತೆ ಕೂತು ಒಂದೊಂದೇ ಆರಿಸಿ ಎಸೆಯುತ್ತಾರೆ. ಅದು ತಿನ್ನಬಹುದಾ?

ನಿಜ ಹೇಳುವವನು

ಖಂಡಿತ ಪ್ಲಾಸ್ಟಿಕ್. ನನ್ನ ಹತ್ತಿರ ವಿಡಿಯೋ ಇದೆ, ಉಂಡೆ ಮಾಡಿ ನೆಲಕ್ಕೆ ಎಸೆದರೆ ಚೆಂಡಿನಂತೆ ಪುಟಿಯುತ್ತೆ.

ಹೋಮ್ ಸೈನ್ಸ್ ಹೇಮಾ

ಪ್ಲಾಸ್ಟಿಕ್ ಅಲ್ಲವೇ ಅಲ್ಲ. ಅದು ಸಾರವರ್ಧಿತ ಅಕ್ಕಿ. ಅಕ್ಕಿ ಹಿಟ್ಟಿಗೆ ಕಬ್ಬಿಣದ ಅಂಶ, ಫೋಲಿಕ್ ಆಸಿಡ್, ಬಿ12 ಕಲಸಿ, ಮಿಷನ್‌ನಲ್ಲಿ ಮತ್ತೆ ಅಕ್ಕಿಯ ಆಕಾರಕ್ಕೆ ಒತ್ತಿರುತ್ತಾರೆ. ನೂರು ಕಾಳಿಗೆ ಒಂದರಂತೆ ಬೆರೆಸಿರುತ್ತಾರೆ. ಹಿಟ್ಟಿನಿಂದ ಮಾಡಿದ್ದು ಅಂತಲೇ ಹಗುರ, ಅದಕ್ಕೇ ತೇಲುತ್ತೆ. ಪಡಿತರಕ್ಕೆಲ್ಲ ಇದನ್ನೇ ಕೊಡುತ್ತೇವೆ ಅಂತ 2021ರ ಆಗಸ್ಟ್ 15ರಂದು ಪ್ರಧಾನಿ ಭಾಷಣದಲ್ಲೇ ಹೇಳಿದ್ದರು. ಉಂಡೆ ಪುಟಿಯುವುದಾ? ಮನೆಯ ಸೋನಾ ಮಸೂರಿ ಅನ್ನವನ್ನೂ ಗಟ್ಟಿಯಾಗಿ ಹಿಸುಕಿ ಎಸೆದು ನೋಡಿ. ಪಿಷ್ಟ ಇದ್ದರೆ ಪುಟಿಯುತ್ತೆ.

ನಿಮ್ಮ ಅತ್ತೆ ಎಸೆಯುತ್ತಿರುವುದು ಆ ಅಕ್ಕಿಯಲ್ಲಿ ಮನೆಯ ಹೆಣ್ಣುಮಕ್ಕಳಿಗೆ ತುಂಬಾ ಬೇಕಾದ ಕಾಳನ್ನೇ. ಮನೆಯಲ್ಲಿ ಯಾರಿಗಾದರೂ ಥಲಸ್ಸೇಮಿಯಾ ಇದ್ದರೆ ಮಾತ್ರ ಡಾಕ್ಟರನ್ನು ಕೇಳಿ.

ನಿಜ ಹೇಳುವವನು

ಸರ್ಕಾರ ಹೇಳಿದ್ದೆಲ್ಲ ನಂಬಬೇಕಾ?

ಹೋಮ್ ಸೈನ್ಸ್ ಹೇಮಾ

ಬೇಡ. ವಾಟ್ಸಾಪ್ ಹೇಳಿದ್ದನ್ನೂ ನಂಬಬೇಡಿ. ಆ ಕಾಳನ್ನು ನೆನೆಸಿ ಬೆರಳಲ್ಲಿ ಉಜ್ಜಿ ನೋಡಿ, ಹಿಟ್ಟಾಗುತ್ತೆ. ಪ್ಲಾಸ್ಟಿಕ್ ಹಿಟ್ಟಾಗುತ್ತಾ?

ನೆಲಮಂಗಲ ನಿಂಗ

ಅಕ್ಕ, ಅಕ್ಕಿಯನ್ನು ಊರಿಂದ ಯಾಕೆ ಹೊತ್ತು ತರುತ್ತೀರಿ? ನಿಮ್ಮ ಕಾರ್ಡ್ ಇಲ್ಲಿಯೂ ನಡೆಯುತ್ತೆ. ಒಂದು ದೇಶ ಒಂದು ಪಡಿತರ ಚೀಟಿ ಅಂತ ಬಂದಮೇಲೆ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ಹೆಬ್ಬೆಟ್ಟು ಒತ್ತಿ ತೆಗೆದುಕೊಳ್ಳಬಹುದು. ಕಾರ್ಡಿನಲ್ಲಿ ಹೆಸರಿದ್ದು ಆಧಾರ್ ಜೋಡಿಸಿರಬೇಕು ಅಷ್ಟೇ. ನಾನು ಎರಡು ವರ್ಷದಿಂದ ಇಲ್ಲೇ ತೆಗೆದುಕೊಳ್ಳುತ್ತಿದ್ದೇನೆ.

ಪಾವಗಡದ ಸೊಸೆ

ಗೊತ್ತು ಅಣ್ಣ. ಆದರೆ ಕಾರ್ಡ್ ಒಟ್ಟಿಗಿದೆ. ಎಂಟು ಹೆಸರು. ಊರಲ್ಲಿ ಮೈದುನ, ವಾರಗಿತ್ತಿ, ಅವರ ಮಗು. ಅಲ್ಲಿ ವಾರಗಿತ್ತಿಯೇ ಎಲ್ಲಾ ತೆಗೆದುಕೊಂಡು ನಾವು ಹೋದಾಗ ಒಂದಿಷ್ಟು ಕೊಡುತ್ತಾಳೆ. ಇಲ್ಲಿ ನಾನು ತೆಗೆದುಕೊಂಡುಬಿಟ್ಟರೆ ಅವರಿಗೆ ಏನೂ ಸಿಗಲ್ಲವಲ್ಲ, ಜಗಳ ಆಗುತ್ತೆ.

ನೆಲಮಂಗಲ ನಿಂಗ

ಪೂರ್ತಿ ತೆಗೆದುಕೊಳ್ಳಬೇಕು ಅಂತಿಲ್ಲ! ಇಲ್ಲಿ ಒಂದು ಪಾಲು ತೆಗೆದುಕೊಂಡರೆ ಉಳಿದದ್ದನ್ನು ಊರಲ್ಲಿ ಅದೇ ಕಾರ್ಡಿನಲ್ಲಿ ಅವರು ತೆಗೆದುಕೊಳ್ಳಬಹುದು. ಆ ಯೋಜನೆ ಮಾಡಿದ್ದೇ ಹೀಗೆ ಅರ್ಧ ಮನೆ ಪಟ್ಟಣದಲ್ಲಿ, ಅರ್ಧ ಮನೆ ಹಳ್ಳಿಯಲ್ಲಿ ಇರುವವರಿಗೆ. ಒಂದನೇ ತಾರೀಖು ಆದಮೇಲೆ ಅಂಗಡಿಗೆ ಸ್ಟಾಕ್ ಬಂತಾ ಅಂತ ಕೇಳಿ, ವಾರಗಿತ್ತಿಗೆ ಮೊದಲೇ ಫೋನ್ ಮಾಡಿ ಹೇಳಿ, ಆಮೇಲೆ ಹೋಗಿ.

ಹುಬ್ಬಳ್ಳಿ ಮಂದಾಕಿನಿ

ಎಂಟು ಹೆಸರಿನಲ್ಲಿ ಐದು ನಿಮ್ಮವು. "ಒಂದಿಷ್ಟು ಕೊಡುತ್ತಾಳೆ" ಅಂದರೆ ಏನು? ಆಕೆ ಕೊಡುತ್ತಿರುವುದು ನಿಮ್ಮದೇ ಅಕ್ಕಿ.

ಬಸ್ಸಾರು ಭಕ್ತ

2023ರ ಜುಲೈಯಿಂದ ಒಂದೂವರೆ ವರ್ಷ ಐದು ಕೆಜಿ ಅಕ್ಕಿ ಬದಲು ತಲೆಗೆ 170 ರೂಪಾಯಿ ಅಕೌಂಟಿಗೆ ಬರುತ್ತಿತ್ತಲ್ಲ, ಕೆಜಿಗೆ 34 ಲೆಕ್ಕದಲ್ಲಿ. ಅದೇ ಚೆನ್ನಾಗಿತ್ತು. ಆ ದುಡ್ಡಲ್ಲಿ ಬೇಳೆ ತರುತ್ತಿದ್ದೆವು.

ನೆಲಮಂಗಲ ನಿಂಗ

ನಿಮ್ಮ ಮನೆಯಲ್ಲಿ ಬೇಳೆ ಬಂತು. ನಮ್ಮ ಬೀದಿಯಲ್ಲಿ ಅದು ಯಜಮಾನನ ಅಕೌಂಟಿಗೆ ಬಿದ್ದು ಬಾರಿಗೆ ಹೋಯಿತು. 2025ರ ಫೆಬ್ರವರಿಯಿಂದ ಮತ್ತೆ ಅಕ್ಕಿಯೇ ಕೊಟ್ಟಿದ್ದು ಒಳ್ಳೆಯದಾಯಿತು. ಅಕ್ಕಿಯನ್ನು ಕುಡಿಯಲು ಆಗಲ್ಲ.

ಸಿಗ್ನಲ್ ಸೀನ

ಅಕ್ಕಿಯನ್ನೂ ಮಾರಿ ಕುಡಿಯುವವರಿದ್ದಾರೆ.

ಜೋಳದ ರೊಟ್ಟಿ

ನಮ್ಮ ಕಡೆ ಬಂದಿದ್ದರೆ ಇಷ್ಟು ಚಿಂತೆಯೇ ಇರುತ್ತಿರಲಿಲ್ಲ. ಒಂದು ಬಟ್ಟಲು ಕಡಲೆ ಹಿಟ್ಟಿದ್ದರೆ ಜುಣಕ. ಶೇಂಗಾ ಹುರಿದು, ಖಾರ, ಬೆಳ್ಳುಳ್ಳಿ, ಉಪ್ಪು ಹಾಕಿ ಕುಟ್ಟಿದರೆ ಚಟ್ನಿ ಪುಡಿ, ಹದಿನೈದು ದಿನ ಕೆಡಲ್ಲ. ಜೋಳದ ನುಚ್ಚು ಬೇಯಿಸಿ ಮಜ್ಜಿಗೆ ಹಾಕಿದರೆ ಒಂದು ಹೊತ್ತು ಕಳೆಯಿತು. ಮುದ್ದೆಗೆ ಸಾರು ಇಲ್ಲದಿದ್ದರೆ ಗಂಟಲಲ್ಲಿ ಇಳಿಯಲ್ಲ. ರೊಟ್ಟಿಗೆ ಒಂದು ಉಳ್ಳಾಗಡ್ಡಿ ಸಾಕು.

ಬಸ್ಸಾರು ಭಕ್ತ

ಶುರುವಾಯಿತು. ರೊಟ್ಟಿ ಬಡಿಯಲು ಒಂದು ಗಂಟೆ ಗ್ಯಾಸ್ ಉರಿಯಬೇಕು. ಮುದ್ದೆ ಹದಿನೈದು ನಿಮಿಷ. ಇಲ್ಲಿ ಉಳಿಸಬೇಕಾದ್ದು ಗ್ಯಾಸ್ ಕೂಡ.

ಜೋಳದ ರೊಟ್ಟಿ

ಒಂದು ಗಂಟೆ ನಿಮಗೆ ಬೇಕು. ನಮ್ಮವ್ವ ಇಪ್ಪತ್ತು ರೊಟ್ಟಿ ಅರ್ಧ ಗಂಟೆಯಲ್ಲಿ ಮುಗಿಸುತ್ತಾಳೆ.

ಕುಂದಾಪುರದ ಮಾಣಿ

ನಾನು ಮಸ್ಕತ್‌ನಲ್ಲಿ ಏಳು ಜನರ ರೂಮಿನಲ್ಲಿದ್ದೆ. ತಿಂಗಳ ಕೊನೆಯ ವಾರ ಕುಬೂಸ್ (ಅಲ್ಲಿನ ರೊಟ್ಟಿ) ಮತ್ತು ಬೇಳೆ ಮಾತ್ರ. ಊರಿಗೆ ಬಂದಾಗ ಅಮ್ಮ ಏನು ಬೇಕು ಅಂತ ಕೇಳಿದರೆ ಕುಚ್ಚಲಕ್ಕಿ ಗಂಜಿ, ಒಣಮೀನು ಚಟ್ನಿ ಅಂದಿದ್ದೆ. ಅಮ್ಮನಿಗೆ ಬೇಜಾರು. ಮಗ ಫಾರಿನ್‌ನಿಂದ ಬಂದು ಗಂಜಿ ಕೇಳುತ್ತಾನೆ ಅಂತ.

ಅಕ್ಕ, ಒಣಮೀನು ತಿನ್ನುವವರಾದರೆ ಸ್ವಲ್ಪ ತಂದಿಡಿ. ಸುಟ್ಟು ಚಟ್ನಿ ಮಾಡಿದರೆ ಒಂದು ಹಿಡಿಯಲ್ಲಿ ಐದು ಜನ ಉಣ್ಣಬಹುದು.

ಉದ್ರಿ ಪುಸ್ತಕ

ನನ್ನದು ಸಣ್ಣ ಕಿರಾಣಿ ಅಂಗಡಿ. ಸಾಲ ಅನ್ನಬೇಡಿ ಅಂದಿದ್ದೀರಿ, ಆದರೂ ಹೇಳುತ್ತೇನೆ. "ಇಂದು ನಗದು, ನಾಳೆ ಉದ್ರಿ" ಅಂತ ಬೋರ್ಡ್ ನಾವೂ ಹಾಕಿದ್ದೇವೆ. ಬೋರ್ಡಿನ ಕೆಳಗಿನ ಡ್ರಾಯರ್‌ನಲ್ಲಿ ಉದ್ರಿ ಪುಸ್ತಕವೂ ಇದೆ. ತಿಂಗಳ ಕೊನೆಗೆ ಬರೆಸಿ ಹತ್ತನೇ ತಾರೀಖು ಕೊಡುವ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ನಮ್ಮಲ್ಲಿ ಹತ್ತಾರು ಜನ. ಒಬ್ಬರೂ ಮೋಸ ಮಾಡಿಲ್ಲ. ಮೋಸ ಮಾಡಿದ್ದು ಕಾರಿನಲ್ಲಿ ಬಂದು ಸಿಗರೇಟು ಬರೆಸಿದವನು.

ಅಂಗಡಿಯವನಿಗೆ ನೇರವಾಗಿ ಹೇಳಿ: ಇಂಥ ತಾರೀಖು ಸಂಬಳ, ಇಷ್ಟರ ಮೇಲೆ ಬರೆಸಲ್ಲ. ಫೋನಿನಲ್ಲಿ ಐದು ನಿಮಿಷಕ್ಕೆ ಸಾಲ ಕೊಡುವ ಆಪ್‌ಗಳ ಹತ್ತಿರ ಮಾತ್ರ ಸುಳಿಯಬೇಡಿ. ನಮ್ಮ ಗಿರಾಕಿಯೊಬ್ಬರು ಮೂರು ಸಾವಿರ ತೆಗೆದುಕೊಂಡರು. ಕಟ್ಟುವುದು ತಡವಾಗಿದ್ದಕ್ಕೆ ಅವರ ಫೋನಿನಲ್ಲಿದ್ದ ನಂಬರಿಗೆಲ್ಲ ಕರೆ ಹೋಯಿತು. ನನಗೂ ಬಂತು.

ಪಾವಗಡದ ಸೊಸೆ

ಅಂಗಡಿಯಲ್ಲಿ ಈಗಲೇ 600 ಬಾಕಿ ಇದೆ, ಅಣ್ಣ. ಅದಕ್ಕೇ ಆ ದಾರಿಯಲ್ಲಿ ಹೋಗದೆ ಸುತ್ತಿ ಬರುತ್ತೇನೆ.

ಉದ್ರಿ ಪುಸ್ತಕ

ಅದೇ ತಪ್ಪು ತಾಯಿ. ಸುತ್ತಿ ಹೋಗುವವರ ಮೇಲೆಯೇ ನಮಗೆ ಅನುಮಾನ. ಎದುರಿಗೆ ಬಂದು "ಹತ್ತಕ್ಕೆ ಕೊಡುತ್ತೇನೆ" ಅಂದರೆ ಒಂದು ಮಾತು ಆಡಲ್ಲ.

ದವಾಖಾನೆ ದೇವಕಿ

ಅತ್ತೆಗೆ ಮಾತ್ರೆ ಇದೆಯಾ? ನಮ್ಮ ಮನೆಯಲ್ಲಿ ಅಡುಗೆ ಖರ್ಚು ಎಷ್ಟು ಹಿಡಿದರೂ ಮಾತ್ರೆ ಚೀಟಿ ಎಲ್ಲವನ್ನೂ ನುಂಗುತ್ತಿತ್ತು.

ಪಾವಗಡದ ಸೊಸೆ

ಬಿಪಿ, ಶುಗರ್ ಎರಡೂ ಇದೆ. ತಿಂಗಳಿಗೆ ಸಾವಿರದ ಹತ್ತಿರ. ಗೃಹಲಕ್ಷ್ಮಿಯ 2,000 ಅತ್ತೆ ಹೆಸರಿಗೇ ಬರುತ್ತೆ. ಅದರಲ್ಲಿ ಮಾತ್ರೆ, ಮಿಕ್ಕಿದ್ದು ಊರಿನ ಚೀಟಿಗೆ ಕಟ್ಟುತ್ತಾರೆ. ಅದನ್ನು ನಾನು ಕೇಳಲು ಹೋಗಲ್ಲ.

ದವಾಖಾನೆ ದೇವಕಿ

ಕೇಳಬೇಡಿ, ಅದು ಅವರ ದುಡ್ಡು. ಆದರೆ ಬೆಂಗಳೂರಿನಲ್ಲಿ ವಾರ್ಡ್‌ಗಳಲ್ಲಿ "ನಮ್ಮ ಕ್ಲಿನಿಕ್" ಅಂತ ಸರ್ಕಾರಿ ದವಾಖಾನೆ ಇದೆ, ಬಿಪಿ ಶುಗರ್ ನೋಡಿ ಮಾತ್ರೆ ಪುಕ್ಕಟೆ ಕೊಡುತ್ತಾರೆ. ಅಲ್ಲಿ ಸಿಗದ ಮಾತ್ರೆಗೆ ಜನೌಷಧಿ ಕೇಂದ್ರ. ಮಾತ್ರೆ ಚೀಟಿಯಲ್ಲಿ ಕಂಪನಿ ಹೆಸರಿದ್ದರೆ ಒಳಗಿನ ಔಷಧಿ ಹೆಸರು ಡಾಕ್ಟರ ಹತ್ತಿರ ಬರೆಸಿಕೊಳ್ಳಿ, ಅದೇ ಮಾತ್ರೆ ತುಂಬಾ ಕಡಿಮೆಗೆ ಸಿಗುತ್ತೆ. ಡೋಸ್ ಮಾತ್ರ ನೀವೇ ಬದಲಿಸಬೇಡಿ. ಸಿಪ್ಪೆ ಚಟ್ನಿಯಿಂದ ಹತ್ತು ರೂಪಾಯಿ ಉಳಿಯುತ್ತೆ, ಇದರಿಂದ ಐನೂರು ಉಳಿಯಬಹುದು.

ಶಿರಸಿ ಕಡೆಯವಳು

ಸಿಪ್ಪೆ ಚಟ್ನಿಯನ್ನು ಯಾಕೆ ಎಳೆಯುತ್ತೀರಿ ಮಧ್ಯೆ :)

ಚಿಕ್ಕಪೇಟೆ ಚಂದ್ರಿ

ಶಕ್ತಿ ಬಸ್ಸಿದೆ, ಭಾನುವಾರ ಸಂಜೆ ಮಾರ್ಕೆಟ್‌ಗೆ ಹೋಗಿ. ಕತ್ತಲಾಗುವ ಹೊತ್ತಿಗೆ ಟೊಮೇಟೊ, ಬದನೆ ಎಲ್ಲಾ ಗುಡ್ಡೆ ಲೆಕ್ಕದಲ್ಲಿ ಕೊಡುತ್ತಾರೆ. ಯಜಮಾನರು ಹೊರಗಡೆ ಇದ್ದರೆ ಮಧ್ಯಾಹ್ನಕ್ಕೆ ಇಂದಿರಾ ಕ್ಯಾಂಟೀನ್, 10 ರೂಪಾಯಿ ಊಟ. 2017ರಲ್ಲಿ ಶುರುವಾದಾಗಿನಿಂದ ನನ್ನ ತಮ್ಮ ಅಲ್ಲೇ.

ಅಜ್ಜಿ ಮನೆ

ಎಲ್ಲರ ಮಾತೂ ಓದಿದೆ. ನನಗೆ ಒಂದೇ ಪ್ರಶ್ನೆ. ಮನೆಯಲ್ಲಿ ಐದು ಜನ. ಮುದ್ದೆ ನಾಲ್ಕು ಯಾಕಮ್ಮ?

ಲೆಕ್ಕದ ಮೇಷ್ಟ್ರು

ಅರೆ. ನಾನು ಇದನ್ನು ನೋಡಲೇ ಇಲ್ಲ.

ಬಸ್ಸಾರು ಭಕ್ತ

ಚಿಕ್ಕ ಮಗುವಿಗೆ ಅರ್ಧ ಸಾಕಲ್ಲ, ಹಾಗಿರಬೇಕು.

ಪಾವಗಡದ ಸೊಸೆ

ಅಯ್ಯೋ ಅದು ದೊಡ್ಡ ವಿಷಯ ಅಲ್ಲ ಅಜ್ಜಿ. ನನಗೆ ಪಾತ್ರೆ ತಳದಲ್ಲಿ ಸೀಕಲು ಇರುತ್ತೆ, ಸಾರು ಕುಡಿಯುತ್ತೇನೆ. ರಾತ್ರಿ ನನಗೆ ಜಾಸ್ತಿ ಹಸಿವಾಗಲ್ಲ.

ಅಜ್ಜಿ ಮನೆ

ನನಗೂ ಹಸಿವಾಗುತ್ತಿರಲಿಲ್ಲ. ಇಪ್ಪತ್ತೈದು ವರ್ಷ ಹಸಿವಾಗಲಿಲ್ಲ. ಐವತ್ತಕ್ಕೆ ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ ಬರುತ್ತಿತ್ತು, ರಕ್ತ ಏಳು ಗ್ರಾಂ ಅಂದರು ಡಾಕ್ಟರು. ನೀನು ಇಡೀ ದಿನ ಮಿಷನ್ ತುಳಿಯುವವಳು. ಹಿಟ್ಟಿನ ಡಬ್ಬ ನೋಡಿ ಲೆಕ್ಕ ಹಾಕಿದ್ದೀಯ. ತಲೆ ಎಣಿಸಿ ಹಾಕು.

ಲೆಕ್ಕದ ಮೇಷ್ಟ್ರು

ಐದು ಮುದ್ದೆಯಂತೆ 12 ದಿನಕ್ಕೆ 60. ಕೆಜಿಗೆ ಹನ್ನೆರಡು ಸಣ್ಣ ಮುದ್ದೆ ಅಂತ ಹಿಡಿದರೂ 5 ಕೆಜಿ ಬೇಕು. ಒಂದು ಕೆಜಿ ರಾಗಿ ಹಿಟ್ಟು ಐವತ್ತು ರೂಪಾಯಿ. ಡಬ್ಬಿಯಲ್ಲಿ ಮರೆತುಬಿಡಿ ಅಂದಿದ್ದೆನಲ್ಲ 396, ಅದರಿಂದ ತೆಗೆಯಿರಿ. ನನ್ನ ಲೆಕ್ಕವೇ ತಪ್ಪು.

ಹೋಮ್ ಸೈನ್ಸ್ ಹೇಮಾ

ಡಜನ್ ಮೊಟ್ಟೆಯಲ್ಲಿ ನಿಮ್ಮ ಪಾಲನ್ನೂ ಬರೆದಿಡಿ. ಮಕ್ಕಳಿಗೆ ಶಾಲೆಯಲ್ಲಿ ಮೊಟ್ಟೆ, ಹಾಲು ಎರಡೂ ಸಿಗುತ್ತೆ. ಮನೆಯ ಮೊಟ್ಟೆ ನಿಮಗೂ ಅತ್ತೆಗೂ ಬರಲಿ. ಆ ತೇಲುವ ಕಾಳನ್ನು ಎಸೆಯಬೇಡಿ ಅಂತ ಮತ್ತೆ ಹೇಳುತ್ತೇನೆ.

ಸಿಗ್ನಲ್ ಸೀನ

ಅಕ್ಕ, ಮೊದಲು ಬರೆದಿದ್ದು ತಪ್ಪಾಯಿತು.

ಕಾನೂನು ಕಿಟ್ಟಿ

ಸಂಬಳದ ವಿಷಯ ಯಾರೂ ಎತ್ತಲಿಲ್ಲ. ಮೊದಲಿದ್ದ 1936ರ ವೇತನ ಪಾವತಿ ಕಾಯ್ದೆ ಪ್ರಕಾರ ಸಾವಿರಕ್ಕಿಂತ ಕಡಿಮೆ ಕೆಲಸಗಾರರಿದ್ದರೆ 7ರೊಳಗೆ, ಅದಕ್ಕಿಂತ ಹೆಚ್ಚಿದ್ದರೆ 10ರೊಳಗೆ ಕೊಡಬೇಕಿತ್ತು. 2025ರ ನವೆಂಬರ್‌ನಲ್ಲಿ ಅದರ ಬದಲು ಜಾರಿಗೆ ಬಂದ 2019ರ ವೇತನ ಸಂಹಿತೆಯಲ್ಲಂತೂ ತಿಂಗಳ ಸಂಬಳಕ್ಕೆ 7 ದಿನ ಅಂತಲೇ ಇದೆ. ಮೂರು ದಿನದ ವ್ಯತ್ಯಾಸ ಅಂದರೆ ನಿಮ್ಮ ಲೆಕ್ಕದಲ್ಲಿ ಹದಿನೈದು ಮುದ್ದೆ.

ಪೀಣ್ಯ ಪುಟ್ಟಿ

ಕಿಟ್ಟಿ ಸರ್, ನಾನೂ ಗಾರ್ಮೆಂಟ್ಸ್. ಒಬ್ಬಳೇ ಹೋಗಿ ಕಾಯ್ದೆ ಹೇಳಿದರೆ ಮಾರನೇ ದಿನ ಬೇರೆ ಲೈನಿಗೆ ಹಾಕುತ್ತಾರೆ. ಹತ್ತು ಜನ ಸೇರಿ ಹೋದರೆ ಅಡ್ವಾನ್ಸ್ ಆದರೂ ಸಿಗುತ್ತೆ. ನಮ್ಮಲ್ಲಿ ಹಾಗೆ ಹೋಗಿ 1,000 ತೆಗೆದುಕೊಂಡೆವು, ಸಂಬಳದಲ್ಲಿ ಹಿಡಿದರು.

ಪಾವಗಡದ ಸೊಸೆ (5ನೇ ತಾರೀಖು)

ಕೇಳಿದವರಿಗೆ ಉತ್ತರ. ವಾರಗಿತ್ತಿಗೆ ಫೋನ್ ಮಾಡಿದೆ. ಎರಡು ದಿನ ಮಾತಾಡಲಿಲ್ಲ. ಆಮೇಲೆ ಅವಳೇ ಮಾಡಿ "ತಗೋ ಅಕ್ಕ, ನಮಗೆ ಮೂವರದು ಸಾಕು" ಅಂದಳು. ಇಲ್ಲಿನ ಅಂಗಡಿಯಲ್ಲಿ ಮೊದಲ ದಿನ ಸರ್ವರ್ ಇಲ್ಲ ಅಂದರು. ನಿನ್ನೆ ಅತ್ತೆ ಹೆಬ್ಬೆಟ್ಟು ಬೀಳಲಿಲ್ಲ, ನನ್ನದು ಬಿತ್ತು. ಐದು ಜನದ ಅಕ್ಕಿ ಸಿಕ್ಕಿತು.

ಹುರುಳಿ ಸಾರು ಮೂರು ಸಲ ಆಯಿತು. ನಾಲ್ಕನೇ ಸಲಕ್ಕೆ ಮಗ ತಟ್ಟೆ ತಳ್ಳಿದ. ಕಾಳು ಹಾಕಿ ಚಿತ್ರಾನ್ನ ಮಾಡಿದರೆ ತಿಂದ. ಅತ್ತೆ ತೇಲುವ ಕಾಳನ್ನು ಈಗಲೂ ಆರಿಸುತ್ತಾರೆ. ಆದರೆ ಎಸೆಯಲ್ಲ, ಬೇರೆ ಬಟ್ಟಲಲ್ಲಿ ಇಡುತ್ತಾರೆ. ಅವರು ಮಲಗಿದ ಮೇಲೆ ನಾನು ಮತ್ತೆ ಬೆರೆಸುತ್ತೇನೆ.

ಅಜ್ಜಿ ಮನೆ

ಮುದ್ದೆ ಎಷ್ಟು?

ಪಾವಗಡದ ಸೊಸೆ

ಐದು ಅಜ್ಜಿ. ಒಂದು ದಿನ ಮಾತ್ರ ನಾಲ್ಕು, ಅವತ್ತು ನೆಂಟರು ಬಂದಿದ್ದರು.

ಅಜ್ಜಿ ಮನೆ

ನೆಂಟರು ಬಂದ ದಿನ ಜಾಸ್ತಿ ಆಗಬೇಕಲ್ಲಮ್ಮ, ಕಡಿಮೆ ಯಾಕಾಯಿತು?

ಪಾವಗಡದ ಸೊಸೆ

ಅವರಿಗೆ ಅಂತ ಅನ್ನ ಮಾಡಿದ್ದೆ, ಅದರಲ್ಲೇ ನಾನೂ ಊಟ ಮಾಡಿದೆ. ನಿಜವಾಗಲೂ.

ಜೋಳದ ರೊಟ್ಟಿ

ಅಜ್ಜಿ ಪೊಲೀಸ್ ಆಗಬೇಕಿತ್ತು.

ಬಸ್ಸಾರು ಭಕ್ತ

ನಡುವೆ ಒಂದು ಪ್ರಶ್ನೆ. ಶಿರಸಿ ಅಕ್ಕ, ನಿಮ್ಮ ಹೀರೆ ಸಿಪ್ಪೆ ಚಟ್ನಿ ಮಾಡಿದೆ, ಕಹಿ ಬಂತು. ಬೆಳ್ಳುಳ್ಳಿ ಹಾಕಬೇಕಿತ್ತಾ?

ಶಿರಸಿ ಕಡೆಯವಳು

ಬೆಳ್ಳುಳ್ಳಿ ಬೇಡವೇ ಬೇಡ. ಹೀರೆಕಾಯಿಯೇ ಕಹಿ ಇತ್ತೋ ಏನೋ, ಹೆಚ್ಚುವಾಗ ಒಂದು ಚೂರು ಬಾಯಿಗೆ ಹಾಕಿ ನೋಡಬೇಕು. ಮುಂದಿನ ಸಲ ಚೂರು ಬೆಲ್ಲ ಹಾಕಿ.

ಹುಬ್ಬಳ್ಳಿ ಮಂದಾಕಿನಿ

ಬೆಳ್ಳುಳ್ಳಿ ಇಲ್ಲದ ಚಟ್ನಿಯೂ ಒಂದು ಚಟ್ನಿಯಾ?